545ಎ ಸ್ಕೋಪು: 20 ನಿಮಿಷಕ್ಕೆ ಟ್ರೇಸ್ ಉಬ್ಬಿ, ಮಸುಕಾಗಿ, ಮಾಯ. ಹೈ ವೋಲ್ಟೇಜ್ ಎಲ್ಲಿ ಕುಸೀತಿದೆ?

ತೀರ್ಥಹಳ್ಳಿ_ಟ್ರೇಸ್ · ಜುಲೈ 6, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಎರಡು ವರ್ಷದ ಹಿಂದೆ ಒಂದು ಕಾಲೇಜಿನ ಲ್ಯಾಬ್ ಹರಾಜಲ್ಲಿ ಟೆಕ್ಟ್ರಾನಿಕ್ಸ್ ಕಂಪನಿಯ 545ಎ ಆಸಿಲೋಸ್ಕೋಪ್ (ವಿದ್ಯುತ್ ಅಲೆಯನ್ನ ಗೆರೆಯಾಗಿ ತೋರಿಸೋ ಉಪಕರಣ, ಆ ಗೆರೆಯೇ ಟ್ರೇಸ್) ತಗೊಂಡೆ. ಟ್ರಾನ್ಸಿಸ್ಟರ್ ಬದಲು ಪೂರ್ತಿ ಗಾಜಿನ ವಾಲ್ವುಗಳ ಸ್ಕೋಪು, ಹತ್ರ ಹತ್ರ ಮೂವತ್ತು ಕೆಜಿ, ಪಿಕಪ್ಪಲ್ಲಿ ಅಡಿಕೆ ಚೀಲಗಳ ಮಧ್ಯ ಕೂರಿಸ್ಕೊಂಡು ಮನೆಗೆ ತಂದಿದ್ದು. ಧೂಳು ಹೊಡೆದು, ಫ್ಯಾನಿಗೆ ಎಣ್ಣೆ ಬಿಟ್ಟು, ಸ್ವಿಚ್‌ಗಳನ್ನೆಲ್ಲ ಕ್ಲೀನ್ ಮಾಡಿ ಆನ್ ಮಾಡಿದ ದಿನ ಆ ಹಸಿರು ಗೆರೆ ಎಷ್ಟು ಸಣ್ಣಗೆ ಚೂಪಾಗಿ ಬಂತು ಅಂದ್ರೆ ಅಪ್ಪ ಅಮ್ಮ ಇಬ್ಬರನ್ನೂ ಕರೆದು ತೋರಿಸಿದ್ದೆ.

ಏಪ್ರಿಲ್‌ವರೆಗೆ ಎರಡು ಮೂರು ಗಂಟೆ ಓಡಿಸಿದ್ರೂ ಏನೂ ಆಗ್ತಿರ್ಲಿಲ್ಲ. ಈಗ ಮಳೆ ಹಿಡಿದ ಮೇಲೆ ಹೀಗಾಗ್ತಿದೆ: ಆನ್ ಮಾಡ್ತೀನಿ, ಅರ್ಧ ನಿಮಿಷದೊಳಗೆ ಡಿಲೇ ರಿಲೇ ಟಕ್ ಅನ್ನುತ್ತೆ, ಟ್ರೇಸ್ ಚೆನ್ನಾಗೇ ಬರುತ್ತೆ. ಹದಿನೈದು ನಿಮಿಷ ಆದ್ಮೇಲೆ ಗೆರೆ ದಪ್ಪ ಆಗೋಕೆ ಶುರು, ಫೋಕಸ್ ಹೋಗುತ್ತೆ, ಚಿತ್ರ ಉಬ್ಬಿದ ಹಾಗೆ ದೊಡ್ಡದಾಗುತ್ತೆ, ಮಸುಕಾಗುತ್ತೆ, 20ನೇ ನಿಮಿಷದ ಹೊತ್ತಿಗೆ ಏನೂ ಇಲ್ಲ. ಆಫ್ ಮಾಡಿ ಒಂದು ಗಂಟೆ ಬಿಟ್ಟು ಹಾಕಿದ್ರೆ ಮತ್ತೆ ಮೊದಲಿನಿಂದ ಅದೇ ಕಥೆ.

ಸ್ಕೋಪಿನೊಳಗೇ ಇರೋ ಕ್ಯಾಲಿಬ್ರೇಟರ್ ಕೊಡೋ ಗೊತ್ತಾದ ಅಳತೆಯ ಚೌಕ ಅಲೆ ಶುರುವಲ್ಲಿ ಸರಿಯಾಗಿ 4 ಡಿವಿಷನ್ (ಪರದೆ ಮೇಲಿನ ಮನೆ) ಇರುತ್ತೆ, ಮಾಯ ಆಗೋ ಮುಂಚೆ 5 ಆಗಿರುತ್ತೆ. ಹೈ ವೋಲ್ಟೇಜ್ ಪ್ರೋಬ್ ನನ್ನ ಹತ್ರ ಇಲ್ಲ. ಎಲ್ಲಿಂದ ಶುರು ಮಾಡ್ಲಿ?

ಮೈಸೂರು_ಮಲ್ಟಿಮೀಟರ್ · ರಾತ್ರಿ 9:20

ಮೊದಲು ಒಂದು ಮಾತು ಸರ್, ಮಾಮೂಲಿ ಮಲ್ಟಿಮೀಟರ್ ಕಡ್ಡಿ ಹಿಡ್ಕೊಂಡು ಆ ಹೈ ವೋಲ್ಟೇಜ್ ಡಬ್ಬಿ ಒಳಗೆ ಕೈ ಹಾಕ್ಬೇಡಿ. ಮೀಟರಿಗೆ 1000 ವೋಲ್ಟೇ ಮಿತಿ. ನನ್ನ ಒಂದು ಮೀಟರ್ ಹಾಗೇ ಹೋಯ್ತು, ಕೈಗೆ ಏನೂ ಆಗ್ಲಿಲ್ಲ ಅನ್ನೋದೇ ಪುಣ್ಯ.

ಧಾರವಾಡ_ಸೋಲ್ಡರ್ · ರಾತ್ರಿ 9:31

ಇದು 5642 ವಾಲ್ವ್ ಸತ್ತಾವ್ರಿ. ರೆಕ್ಟಿಫೈಯರ್ (ಎಸಿನ ಡಿಸಿ ಮಾಡೂ ವಾಲ್ವ್) ಐದೂ ಬದಲಿ ಮಾಡ್ರಿ, ಮುಗೀತು.

ರಾಯರ_ರೇಡಿಯೋ · ರಾತ್ರಿ 9:48

ಧಾರವಾಡದೋರೇ, ನೋಡದೆ ಅಳೆಯದೆ ಐದೂ ಬದಲಾಯಿಸಿ ಅನ್ನೋದು ಸರಿಯಲ್ಲ. ಆ ವಾಲ್ವು ಪೆನ್ಸಿಲ್ ತುಂಡಿನಷ್ಟಿರುತ್ತೆ, ತಂತಿ ಕಾಲು, ನೇರ ಬೆಸುಗೆ ಹಾಕಿರ್ತಾರೆ, ಬಿಚ್ಚೋವಾಗ ಗಾಜು ಬಿರುಕು ಬಿಟ್ರೆ ಒಳ್ಳೇದೂ ಹೋಯ್ತು.

ತೀರ್ಥಹಳ್ಳಿಯವರೇ, ನಾನು ಬೆಂಗಳೂರಲ್ಲಿ ಕ್ಯಾಲಿಬ್ರೇಷನ್ ಕೆಲಸದಲ್ಲೇ ನಿವೃತ್ತಿ ಆದೋನು, ಈ 530, 540 ಸರಣಿ ಸ್ಕೋಪುಗಳ ಮುಂದೆ ಬಹಳ ವರ್ಷ ಕೂತಿದೀನಿ. ಮೊದಲು ಇದು ಹೇಗೆ ಕೆಲಸ ಮಾಡುತ್ತೆ ಅಂತ ತಲೇಲಿ ಚಿತ್ರ ಬರ್ಲಿ, ಆಮೇಲೆ ಕೈ.

ಒಂದು 6ಎಯು5 ವಾಲ್ವು ಆಸಿಲೇಟರ್, ಅಂದ್ರೆ ಅಲೆ ಹುಟ್ಟಿಸೋದು. ಸುಮಾರು 60 ಕಿಲೋಹರ್ಟ್ಸಲ್ಲಿ ಫೆರೈಟ್ ಕೋರಿನ ಟ್ರಾನ್ಸ್‌ಫಾರ್ಮರ್ ಒಂದನ್ನ ಓಡಿಸುತ್ತೆ. ಅದರಿಂದ ಮೂರು ದಾರಿ ಹೊರಡುತ್ತೆ. ಒಂದು ಸಿಆರ್‌ಟಿಯ (ಚಿತ್ರ ಮೂಡೋ ಗಾಜಿನ ಕೊಳವೆ) ಕ್ಯಾಥೋಡಿಗೆ, ಅಂದ್ರೆ ಎಲೆಕ್ಟ್ರಾನ್ ಹೊರಡೋ ತುದಿಗೆ, ಮೈನಸ್ 1350 ವೋಲ್ಟು, ಅದಕ್ಕೊಂದು 5642. ಇನ್ನೊಂದು ಅದೇ ಸಿಆರ್‌ಟಿಯ ಗ್ರಿಡ್ಡಿಗೆ ಮೈನಸ್ 1450ರ ಹತ್ರ, ಅದಕ್ಕೊಂದು. ಉಳಿದ ಮೂರು 5642 ಸೇರಿ ವೋಲ್ಟೇಜನ್ನ ಮೂರು ಪಟ್ಟು ಮಾಡಿ ಮುಂದಿನ ಆನೋಡಿಗೆ ಪ್ಲಸ್ 8650 ಕೊಡ್ತವೆ. ಒಟ್ಟು ಹತ್ತು ಸಾವಿರ ವೋಲ್ಟು. ಆ ಮೈನಸ್ 1350ರಿಂದ ಒಂದು ಪಾಲು ತಗೊಂಡು 12ಎಯು7 ನೋಡ್ತಾ ಇರುತ್ತೆ. ವೋಲ್ಟೇಜ್ ಕಮ್ಮಿ ಆದ್ರೆ 6ಎಯು5ರ ಸ್ಕ್ರೀನ್ ಗ್ರಿಡ್ಡಿನ ವೋಲ್ಟೇಜ್ ಏರಿಸಿ ಇನ್ನೂ ಜೋರಾಗಿ ಆಂದೋಲಿಸು ಅನ್ನುತ್ತೆ, ಜಾಸ್ತಿ ಆದ್ರೆ ಇಳಿಸುತ್ತೆ. ಈ ಸ್ಕ್ರೀನ್ (ಚಿತ್ರದ ಪರದೆ ಅಲ್ಲ, ವಾಲ್ವಿನೊಳಗಿನ ಗ್ರಿಡ್ಡು) ವೋಲ್ಟೇಜು ನೆನಪಲ್ಲಿಡಿ, ಕೊನೆಗೆ ಬಾಯಿ ಬಿಡೋದು ಅದೇ.

ಆದ್ರೆ ಅದಕ್ಕೂ ಮುಂಚೆ ಲೋ ವೋಲ್ಟೇಜ್ ಸಪ್ಲೈಗಳು. ಮೈನಸ್ 150 ಮೊದಲು, ಯಾಕಂದ್ರೆ ಬೇರೆ ಎಲ್ಲವೂ ಅದನ್ನ ನೋಡ್ಕೊಂಡೇ ನಿಲ್ಲೋದು. ಆಮೇಲೆ 100, 225, 350, 500. ಬಿಸಿ ಆಗೋ ಮುಂಚೆ ಒಂದ್ಸಲ, ಟ್ರೇಸ್ ಹೋದ್ಮೇಲೆ ಒಂದ್ಸಲ ಅಳೀರಿ. ಮೈನಸ್ 150ನ್ನ ಹೊಂದಿಸೋ ಪ್ರಿಸೆಟ್ ತಿರುಪನ್ನ ಮಾತ್ರ ತಿರುಗಿಸ್ಬೇಡಿ, ಅದು ಅಲುಗಾಡಿದ್ರೆ ಇಡೀ ಸ್ಕೋಪಿನ ಕ್ಯಾಲಿಬ್ರೇಷನ್ ಅಲುಗಾಡುತ್ತೆ.

ಇಸಿಇ_ಹುಡುಗಿ · ರಾತ್ರಿ 10:02

ಸರ್ ಒಂದು ಡೌಟ್. ಚೌಕ ಅಲೆ 4ರಿಂದ 5 ಆಯ್ತು ಅಂದ್ರೆ ಹೈ ವೋಲ್ಟೇಜೇ ಅಂತ ಹೇಗೆ ಹೇಳೋದು? ಕ್ಯಾಲಿಬ್ರೇಟರಿನ ವೋಲ್ಟೇಜೇ ಏರಿರಬಹುದಲ್ವಾ, ಅಥವಾ ವರ್ಟಿಕಲ್ ಆಂಪ್ಲಿಫೈಯರ್?

ರಾಯರ_ರೇಡಿಯೋ · ರಾತ್ರಿ 10:09

ಸರಿಯಾದ ಪ್ರಶ್ನೆ ಕಣಮ್ಮಾ. ಅಡ್ಡಕ್ಕೂ ಹಿಗ್ಗಿದ್ಯಾ ಅಂತ ಕೇಳಬೇಕು. ಉದ್ದಕ್ಕೆ ಮಾತ್ರ ಆದ್ರೆ ಆಂಪ್ಲಿಫೈಯರ್ ಅಥವಾ ಕ್ಯಾಲಿಬ್ರೇಟರ್. ಎರಡೂ ಕಡೆ ಹಿಗ್ಗಿದ್ರೆ ಎಲೆಕ್ಟ್ರಾನ್ ಕಿರಣದ ವೇಗ ಕಮ್ಮಿ ಆಗಿದೆ ಅಂತ. ನಿಧಾನಕ್ಕೆ ಹೋಗೋದನ್ನ ಪ್ಲೇಟುಗಳು ಜಾಸ್ತಿ ಬಗ್ಗಿಸ್ತವೆ, ಅಷ್ಟೇ.

ತೀರ್ಥಹಳ್ಳಿ_ಟ್ರೇಸ್ · ರಾತ್ರಿ 10:15

ಅಡ್ಡಕ್ಕೂ ಹಿಗ್ಗುತ್ತೆ ಸರ್. ಗೆರೆಯ ಎರಡೂ ತುದಿ ಗಾಜಿನಾಚೆ ಹೋಗ್ಬಿಡುತ್ತೆ.

ಮೈಸೂರು_ಮಲ್ಟಿಮೀಟರ್ · ರಾತ್ರಿ 10:20

ಹಾಗಾದ್ರೆ ಪ್ರೋಬೇ ಬೇಡ, ಲೆಕ್ಕದಲ್ಲೇ ಬರುತ್ತೆ. 1350ನ 4ರಿಂದ ಗುಣಿಸಿ 5ರಿಂದ ಭಾಗಿಸಿ, 1080. ಹೈ ವೋಲ್ಟೇಜ್ 1080ಕ್ಕೆ ಬಿದ್ದಿದೆ.

ಪೋರ್ಟ್‌ಲ್ಯಾಂಡ್_ಕನ್ನಡಿಗ · ರಾತ್ರಿ 11:40

ಅದಕ್ಕಿಂತ ಕೆಳಗಿರುತ್ತೆ ಅಣ್ಣ. ಡಿಫ್ಲೆಕ್ಷನ್ ಪ್ಲೇಟುಗಳು ಸೊನ್ನೆಯಲ್ಲಿ ಕೂತಿಲ್ಲ, ಷಾಸಿಗಿಂತ (ಸ್ಕೋಪಿನ ಲೋಹದ ಚೌಕಟ್ಟು) ಇನ್ನೂರು ವೋಲ್ಟ್ ಮೇಲಿವೆ ಅಂತ ಹಿಡ್ಕೊಳ್ಳಿ. ಹಾಗಾಗಿ ಕ್ಯಾಥೋಡಿಂದ ಪ್ಲೇಟಿಗೆ 1550. ಅದನ್ನ 1.25ರಿಂದ ಭಾಗಿಸಿದ್ರೆ 1240, ಅದ್ರಲ್ಲಿ ಇನ್ನೂರು ಕಳೀರಿ, 1040. ಆ ಇನ್ನೂರು ವೋಲ್ಟು ಬೀಳಲ್ಲ, ಬೀಳೋದು ಹೈ ವೋಲ್ಟೇಜ್ ಮಾತ್ರ. ಅಳೆದು ನೋಡಿದ್ರೆ ಗೊತ್ತಾಗುತ್ತೆ.

ಅಂದ ಹಾಗೆ ನಾನಿರೋದು ಟೆಕ್ಟ್ರಾನಿಕ್ಸ್ ಹುಟ್ಟಿದ ಊರಲ್ಲೇ, 1946ರಲ್ಲಿ ಇಲ್ಲೇ ಶುರುವಾದ ಕಂಪನಿ. ವಿಂಟೇಜ್‌ಟೆಕ್ ಅಂತ ಒಂದು ಮ್ಯೂಸಿಯಂ ಇದೆ, ಹಳೇ ನೌಕರರೇ ಸೇರಿ ನಡೆಸ್ತಾರೆ, ಹೋದಾಗೆಲ್ಲ ಅರ್ಧ ದಿನ ಅಲ್ಲೇ ಕಳೆದುಹೋಗುತ್ತೆ. ತೀರ್ಥಹಳ್ಳಿ ಮಳೇಲಿ ಒಂದು 545ಎ ಉಸಿರಾಡ್ತಿದೆ ಅಂತ ಓದಿ ತುಂಬಾ ಖುಷಿ ಆಯ್ತು.

ಎಸ್‌ಪಿ_ರೋಡ್_ಸುತ್ತಾಟ · ಜುಲೈ 7, ಬೆಳಿಗ್ಗೆ 7:05

ಇಷ್ಟೆಲ್ಲ ಕಷ್ಟ ಯಾಕೆ ಗುರು, ಇವತ್ತು ಅಂಗೈ ಅಗಲದ ಡಿಜಿಟಲ್ ಸ್ಕೋಪು ಸಿಗುತ್ತೆ, ಕರೆಂಟೂ ಉಳಿಯುತ್ತೆ. ಇದು ಐನೂರು ವ್ಯಾಟ್ ಮೇಲೇ ಎಳೆಯುತ್ತೆ.

ಧಾರವಾಡ_ಸೋಲ್ಡರ್ · ಬೆಳಿಗ್ಗೆ 7:30

ಡಿಜಿಟಲ್ ಎಲ್ಲಾರ ಮನ್ಯಾಗೂ ಅದ ಬಿಡ್ರಿ. ಇದರ ಮುಚ್ಚಳಾ ತೆಗದು ಒಳಗ ಒಮ್ಮೆ ನೋಡ್ರಿ, ಸಾಲಾಗಿ ಬಿಳಿ ಸೆರಾಮಿಕ್ ಪಟ್ಟಿ, ಒಂದೊಂದು ಕಚ್ಚಿನ್ಯಾಗೂ ಒಂದೊಂದು ರೆಸಿಸ್ಟರ್ ಅಳತೀ ಮಾಡಿ ಕುಂದರಿಸ್ಯಾರ. ಇಂಥಾ ಕೈಕೆಲಸ ಮತ್ತ ಬರೂದಿಲ್ಲ. ಅದನ್ನ ಜೀವಂತ ಇಡೂ ಮಂದಿ ಬೇಕ.

ತೀರ್ಥಹಳ್ಳಿ_ಟ್ರೇಸ್ · ಜುಲೈ 7, ರಾತ್ರಿ 10:50

ಇವತ್ತಿನ ರೀಡಿಂಗ್. ಲೋ ವೋಲ್ಟೇಜ್ ಎಲ್ಲ ಗಟ್ಟಿ ಇದೆ. ಮೈನಸ್ 150 ತಣ್ಣಗಿದ್ದಾಗ 149.6, ಟ್ರೇಸ್ ಹೋದ್ಮೇಲೂ 149.5. 100, 225, 350, 500 ಯಾವುದೂ ಒಂದು ವೋಲ್ಟಿಗಿಂತ ಜಾಸ್ತಿ ಅಲುಗಾಡಿಲ್ಲ. ಅಲ್ಲಿಗೆ ಅರ್ಧ ಸ್ಕೋಪು ಪಾಸ್.

ಹೈ ವೋಲ್ಟೇಜ್ ಅಳೆಯೋಕೆ ಏನು ಮಾಡ್ಲಿ? ಪ್ರೋಬ್ ತರಿಸೋಕೆ ವಾರ ಆಗುತ್ತಂತೆ, ಘಾಟಿ ರಸ್ತೆ ಬೇರೆ ಬಂದ್.

ರಾಯರ_ರೇಡಿಯೋ · ರಾತ್ರಿ 11:10

ಮಾಡ್ಕೋಬಹುದು. 10 ಮೆಗಾಓಮಿನ ಒಂಬತ್ತು ರೆಸಿಸ್ಟರನ್ನ ಒಂದರ ಹಿಂದೆ ಒಂದು ಬೆಸುಗೆ ಹಾಕಿ ಪ್ಲಾಸ್ಟಿಕ್ ಪೈಪೊಳಗೆ ತೂರಿಸಿ. ನಿಮ್ಮ ಡಿಜಿಟಲ್ ಮೀಟರಿನ ಒಳಗಿನ ರೆಸಿಸ್ಟೆನ್ಸು ಡಿಸಿಯಲ್ಲಿ 10 ಮೆಗಾ ಇದ್ರೆ ಒಟ್ಟು ನೂರಾಯ್ತು, ಮೀಟರ್ ತೋರಿಸಿದ್ದನ್ನ ಹತ್ತರಿಂದ ಗುಣಿಸಿ. 1350ಕ್ಕೆ ಒಂದೊಂದು ರೆಸಿಸ್ಟರ್ ಮೇಲೆ 135 ವೋಲ್ಟು ಮಾತ್ರ, ತಡ್ಕೊಳುತ್ತೆ. ಎಳೆಯೋ ಕರೆಂಟು 13.5 ಮೈಕ್ರೋಆಂಪು, ಸಪ್ಲೈಗೆ ಭಾರ ಅಲ್ಲ.

ಮೂರು ಮಾತು ಕಟ್ಟುನಿಟ್ಟಾಗಿ ಪಾಲಿಸಿ. ಇದರಲ್ಲಿ 8650 ಕಡೆ ತಲೆನೂ ಹಾಕ್ಬೇಡಿ, ಅದಕ್ಕೆ ಈ ರೆಸಿಸ್ಟರ್ ಸಾಲದು. ಮೀಟರಿನ ಭೂಮಿ ಕಡೆ ಕ್ಲಿಪ್ಪನ್ನ ಷಾಸಿಗೆ ಮೊದಲು ಹಾಕಿ, ಯಾಕಂದ್ರೆ ಅದು ಕಳಚಿದ್ರೆ ಮೀಟರಿನ ಮೈಗೆಲ್ಲ ಪೂರ್ತಿ ವೋಲ್ಟೇಜು ಬರುತ್ತೆ. ಆಫ್ ಮಾಡಿ, ಸಿಕ್ಕಿಸಿ, ಕೈ ತೆಗೆದು, ಆಮೇಲೆ ಆನ್ ಮಾಡಿ. ಆನ್ ಇರೋವಾಗ ಹಿಡ್ಕೊಂಡು ಅಳೆಯೋ ಅಭ್ಯಾಸ ಬೇಡವೇ ಬೇಡ. ಆಫ್ ಮಾಡಿದ ಮೇಲೂ ಸಿಆರ್‌ಟಿಯ ಗಾಜು ಚಾರ್ಜ್ ಹಿಡ್ಕೊಂಡಿರುತ್ತೆ, ರೆಸಿಸ್ಟರ್ ಮೂಲಕ ಷಾಸಿಗೆ ಇಳಿಸಿ. ಒಂದು ಕೈ ಜೇಬಲ್ಲಿರ್ಲಿ.

ಕುಡ್ಲ_ಸರ್ಕ್ಯೂಟ್ · ರಾತ್ರಿ 11:25

ರಾಯರು ಹೇಳಿದ್ದು ನೂರಕ್ಕೆ ನೂರು ಸತ್ಯ ಮಾರಾಯ್ರೆ. ನಮ್ಮಲ್ಲಿ ಮಳೆಗಾಲದಲ್ಲಿ ನೆಲವೇ ಒದ್ದೆ ಇರ್ತದೆ, ಬರಿಗಾಲಲ್ಲಿ ನಿಲ್ಲುವುದು ಬೇಡ. ರಬ್ಬರ್ ಮ್ಯಾಟ್ ಹಾಕಿ, ಚಪ್ಪಲಿ ಹಾಕಿ. ಮನೆಯಲ್ಲಿ ಇನ್ನೊಬ್ಬರು ಇರುವಾಗ ಮಾತ್ರ ಮಾಡಿ.

ತೀರ್ಥಹಳ್ಳಿ_ಟ್ರೇಸ್ · ಜುಲೈ 9, ಸಂಜೆ 6:30

ಒಂಬತ್ತು ರೆಸಿಸ್ಟರಿನ ಪ್ರೋಬು ಮಾಡ್ಕೊಂಡೆ. ಅಪ್ಪ ಬಾಗಿಲ ಹತ್ರ ಮೇನ್ ಸ್ವಿಚ್ ಪಕ್ಕನೇ ಕುರ್ಚಿ ಹಾಕ್ಕೊಂಡು ಕೂತಿದ್ರು.

ಆನ್ ಆದ ಕೂಡಲೇ 1350, 10 ನಿಮಿಷಕ್ಕೂ 1350, 14ಕ್ಕೆ 1338, 17ಕ್ಕೆ 1210, ಚೌಕ ಅಲೆ ಸರಿಯಾಗಿ 5 ಡಿವಿಷನ್ ಆದ ಕ್ಷಣಕ್ಕೆ 1035. ಪೋರ್ಟ್‌ಲ್ಯಾಂಡ್ ಅಣ್ಣ 1040 ಅಂದಿದ್ರು! ಕಾಗದದ ಮೇಲಿನ ಲೆಕ್ಕ ಮೀಟರಿಗೆ ಬಂದಾಗ ಮೈ ಜುಂ ಅಂತು.

ಕತ್ತಲಲ್ಲಿ 5642ಗಳನ್ನೂ ನೋಡಿದೆ. ಐದೂ ಉರೀತವೆ, ಸಣ್ಣ ಕೆಂಡದ ಎಳೆ ತರ. ಟ್ರೇಸ್ ಮಸುಕಾಗ್ತಾ ಬಂದ ಹಾಗೆ ಐದೂ ಒಟ್ಟಿಗೆ ಮಂಕಾಗ್ತವೆ.

ಧಾರವಾಡ_ಸೋಲ್ಡರ್ · ಸಂಜೆ 6:52

ಐದೂ ಒಟ್ಟಿಗೆ ಮಂಕಾದ್ರ ನನ್ನ ಮಾತು ತಪ್ಪಾತು, ಒಪ್ಪಿಕೊಂಡೆ. ಅವುಕ್ಕ ಫಿಲಮೆಂಟ್ ಕರೆಂಟು ಬರೂದೂ ಅದೇ ಟ್ರಾನ್ಸ್‌ಫಾರ್ಮರ್ ಮ್ಯಾಲಿನ ಸುತ್ತಿನಿಂದ. ಒಂದು ಸತ್ತಿದ್ರ ಒಂದ ಆರತಿತ್ತು. ಎಲ್ಲಾ ಕೂಡಿ ಮಂಕಾದ್ವು ಅಂದ್ರ ಆಸಿಲೇಟರ್ ದಣದದ, ಇಲ್ಲಾ ಅದರ ಮ್ಯಾಲ ಏನೋ ಭಾರ ಬಿದ್ದದ. ಹಂಗಾದ್ರ 6ಎಯು5 ಬದಲಿ ಮಾಡಿ ನೋಡ್ರಿ, ಅದು ಸಾಕೆಟ್ಟಿನ್ಯಾಗ ಇರೂದು, ಕಿತ್ತು ಹಾಕೂದಷ್ಟ.

ಮೈಸೂರು_ಮಲ್ಟಿಮೀಟರ್ · ಸಂಜೆ 7:10

ನನಗೆ 12ಎಯು7ಗೆ ಆ ಪಾಲು ಕೊಡೋ ಡಿವೈಡರ್ ರೆಸಿಸ್ಟರ್ ಮೇಲೆ ಅನುಮಾನ. ಹಳೇ ಹೈ ವ್ಯಾಲ್ಯೂ ರೆಸಿಸ್ಟರುಗಳು ವಯಸ್ಸಾದ ಹಾಗೆ ಏರ್ತವೆ, ಬಿಸಿ ಆದ್ರೆ ಇನ್ನೂ ಏರುತ್ತೆ, ವೋಲ್ಟೇಜ್ ಬೀಳುತ್ತೆ.

ಇಸಿಇ_ಹುಡುಗಿ · ಸಂಜೆ 7:24

ಸರ್, ಮೇಲಿನ ರೆಸಿಸ್ಟರ್ ಏರಿದ್ರೆ 12ಎಯು7ಗೆ ಸಿಗೋ ಪಾಲು ಕಮ್ಮಿ ಆಗುತ್ತೆ. ಅದು ವೋಲ್ಟೇಜ್ ಸಾಲದು ಅಂದ್ಕೊಂಡು ಇನ್ನೂ ಏರಿಸುತ್ತೆ ಅಲ್ವಾ? ಅಂದ್ರೆ 1350 ಇರೋದು 1400, 1450 ಆಗ್ಬೇಕು, ಚಿತ್ರ ಚಿಕ್ಕದಾಗ್ಬೇಕು. ಇಲ್ಲಿ ಉಲ್ಟಾ ಆಗ್ತಿದೆ.

ಮೈಸೂರು_ಮಲ್ಟಿಮೀಟರ್ · ಸಂಜೆ 7:31

ಹೌದು ಮೇಡಂ, ನೀವು ಹೇಳಿದ್ದೇ ಸರಿ. ಫೀಡ್‌ಬ್ಯಾಕ್ ಅನ್ನೋದನ್ನೇ ಮರೆತು ಹೇಳ್ಬಿಟ್ಟೆ.

ರಾಯರ_ರೇಡಿಯೋ · ಸಂಜೆ 7:45

ಶಭಾಷ್ ಮಗಳೇ.

ಈಗ ಸ್ಕ್ರೀನ್ ವೋಲ್ಟೇಜಿನ ಹೊತ್ತು ಬಂತು. 6ಎಯು5ರ ಸ್ಕ್ರೀನ್ ಪಿನ್ನಿಗೆ ಎರಡನೇ ಮೀಟರ್ ಸಿಕ್ಕಿಸಿ, ಇಲ್ಲಿ ಸಾವಿರಗಟ್ಟಲೆ ವೋಲ್ಟ್ ಇಲ್ಲ, ಮಾಮೂಲಿ ಮೀಟರ್ ಸಾಕು, ಆದ್ರೆ ಪ್ಲೇಟ್ ಪಿನ್ನಿಗೆ ತಾಕದ ಹಾಗೆ ನೋಡ್ಕೊಳ್ಳಿ. ಪ್ರತಿ ಎರಡು ನಿಮಿಷಕ್ಕೆ ಎರಡನ್ನೂ ಬರೀರಿ. ಹೈ ವೋಲ್ಟೇಜ್ ಬೀಳೋವಾಗ ಸ್ಕ್ರೀನೂ ಬಿದ್ರೆ ತಪ್ಪು 12ಎಯು7 ಕಡೆ. ಸ್ಕ್ರೀನ್ ಏರ್ತಾ ಏರ್ತಾ ಹೋಗಿ ತುದಿ ಮುಟ್ಟಿದ ಮೇಲೆ ಹೈ ವೋಲ್ಟೇಜ್ ಬಿದ್ರೆ 12ಎಯು7 ತನ್ನ ಕೆಲಸ ಮಾಡ್ತಿದೆ, ಅದರ ಕೈ ಮೀರಿದ ಭಾರ ಬೇರೆಲ್ಲೋ ಬಿದ್ದಿದೆ.

ತೀರ್ಥಹಳ್ಳಿ_ಟ್ರೇಸ್ · ಜುಲೈ 10, ರಾತ್ರಿ 9:05

ಸ್ಕ್ರೀನು: ಶುರುವಲ್ಲಿ 95. ಐದು ನಿಮಿಷಕ್ಕೆ 118. ಹತ್ತಕ್ಕೆ 170. ಹದಿನಾಲ್ಕಕ್ಕೆ 238, ಅಲ್ಲಿಂದ ಮುಂದೆ ಏರಲ್ಲ, ಅಲ್ಲೇ ನಿಂತ್ಕೊಳುತ್ತೆ. ಸರಿಯಾಗಿ ಆಗಲೇ 1350 ಜಾರೋಕೆ ಶುರು.

ಹತ್ತು ನಿಮಿಷದವರೆಗೆ ಟ್ರೇಸ್ ನೋಡಿದ್ರೆ ಏನೇನೂ ಗೊತ್ತಾಗಲ್ಲ, ಅಷ್ಟು ಚೆನ್ನಾಗಿರುತ್ತೆ, ಆದ್ರೆ ಒಳಗೆ ಆ 12ಎಯು7 ಮೊದಲ ನಿಮಿಷದಿಂದ್ಲೇ ಒದ್ದಾಡ್ತಾ ಇರುತ್ತೆ ಅಂತ ಇವತ್ತು ಕಣ್ಣಾರೆ ನೋಡ್ದೆ.

6ಎಯು5 ಬೇರೆದೊಂದು ಇತ್ತು, ಹಾಕಿದೆ. 20 ನಿಮಿಷ ಇದ್ದಿದ್ದು 26 ಆಯ್ತು. ಅಷ್ಟೇ.

ಕುಡ್ಲ_ಸರ್ಕ್ಯೂಟ್ · ರಾತ್ರಿ 9:20

ಹಾಗಾದ್ರೆ ಹೊಸ ವಾಲ್ವಿಗೆ ತಾಕತ್ತು ಸ್ವಲ್ಪ ಹೆಚ್ಚು, ಅದಕ್ಕೆ ಆರು ನಿಮಿಷ ಹೆಚ್ಚು ತಡೆಯಿತು. ರೋಗ ಬೇರೆ ಉಂಟು.

ಪೋರ್ಟ್‌ಲ್ಯಾಂಡ್_ಕನ್ನಡಿಗ · ರಾತ್ರಿ 11:55

ನನ್ನ ಪಂದ್ಯ ಟ್ರಾನ್ಸ್‌ಫಾರ್ಮರ್ ಮೇಲೆ. ಅದರ ಸುರುಳೀನ ಎಪಾಕ್ಸಿಯಲ್ಲಿ ಮುಳುಗಿಸಿರ್ತಾರೆ. ಅರವತ್ತು ವರ್ಷದಲ್ಲಿ ಎಪಾಕ್ಸಿ ತೇವ ಹೀರ್ಕೊಳುತ್ತೆ. ತೇವ ಇರೋ ಎಪಾಕ್ಸಿ 60 ಕಿಲೋಹರ್ಟ್ಸಲ್ಲಿ ಸ್ವಲ್ಪ ಸ್ವಲ್ಪ ಶಕ್ತಿ ತಿನ್ನುತ್ತೆ, ತಿಂದಿದ್ದಕ್ಕೆ ಬಿಸಿ ಆಗುತ್ತೆ, ಬಿಸಿ ಆದಷ್ಟೂ ಇನ್ನೂ ಜಾಸ್ತಿ ತಿನ್ನುತ್ತೆ. ಈ ಸುತ್ತು ಒಂದು ಹಂತ ದಾಟಿದ್ರೆ ನಿಲ್ಲಲ್ಲ. ಹಳೇ ಸ್ಕೋಪು ಇಟ್ಕೊಂಡಿರೋರಿಗೆಲ್ಲ ಗೊತ್ತಿರೋ ಕಾಯಿಲೆ. ಏಪ್ರಿಲಲ್ಲಿ ಸರಿ ಇತ್ತು, ಜುಲೈಲಿ ಕೆಡ್ತು ಅಂದ್ರಲ್ಲ, ಮಲೆನಾಡಿನ ಮಳೆಗಾಲ ಅಂದ್ರೆ ಗೋಡೆನೂ ಬೆವರುತ್ತೆ.

ಎಸ್‌ಪಿ_ರೋಡ್_ಸುತ್ತಾಟ · ಜುಲೈ 11, ಬೆಳಿಗ್ಗೆ 8:15

5642 ಐದನ್ನೂ ತೆಗೆದು 1ಎನ್4007 ಡಯೋಡುಗಳನ್ನ ಹಾರ ಮಾಡಿ ಹಾಕಿ. ಒಂದೊಂದು 1000 ವೋಲ್ಟ್ ತಡ್ಕೊಳುತ್ತೆ, ಹತ್ತು ಹಾಕಿದ್ರೆ ಹತ್ತು ಸಾವಿರ. ಫಿಲಮೆಂಟ್ ಉರಿಸೋ ಭಾರ ಉಳಿಯುತ್ತೆ, ಟ್ರಾನ್ಸ್‌ಫಾರ್ಮರ್ ಹಗುರ ಆಗುತ್ತೆ.

ರಾಯರ_ರೇಡಿಯೋ · ಬೆಳಿಗ್ಗೆ 8:40

ಬೇಡ ಬೇಡ! 4007 ಇರೋದು 50 ಹರ್ಟ್ಸಿನ ಮೇನ್ಸಿಗೆ. ಅದು ಹರಿಯೋದು ನಿಲ್ಲಿಸ್ಬೇಕು ಅಂದ್ರೆ ಹಲವು ಮೈಕ್ರೋಸೆಕೆಂಡ್ ಬೇಕು. ಇಲ್ಲಿ 60 ಕಿಲೋಹರ್ಟ್ಸಿನ ಒಂದು ಪೂರ್ತಿ ಸುತ್ತೇ ಹದಿನೇಳು ಮೈಕ್ರೋಸೆಕೆಂಡೊಳಗೆ ಮುಗಿಯುತ್ತೆ. ಹಿಂದಕ್ಕೂ ಹರಿಯುತ್ತೆ, ಸುಡುತ್ತೆ, ಟ್ರಾನ್ಸ್‌ಫಾರ್ಮರಿಗೆ ಇನ್ನೂ ಭಾರ. ಹಾಕೋದೇ ಆದ್ರೆ ಫಾಸ್ಟ್ ರಿಕವರಿ ಇರೋ ಹೈ ವೋಲ್ಟೇಜ್ ಡಯೋಡ್ ಬೇಕು. ಅದೂ ಕೊನೇ ದಾರಿ.

ಎಸ್‌ಪಿ_ರೋಡ್_ಸುತ್ತಾಟ · ಬೆಳಿಗ್ಗೆ 8:52

ಓಕೆ ರಾಯರೇ, ಗೊತ್ತಿರ್ಲಿಲ್ಲ. ಫಾಸ್ಟ್ ಡಯೋಡ್ ಸಿಗೋ ಅಂಗಡಿ ಹುಡುಕಿ ಹೇಳ್ತೀನಿ, ಈ ಭಾನುವಾರ ಆ ಕಡೆ ಹೋಗೋದಿದೆ.

ರಾಯರ_ರೇಡಿಯೋ · ಬೆಳಿಗ್ಗೆ 9:10

ತೀರ್ಥಹಳ್ಳಿಯವರೇ, ಟ್ರಾನ್ಸ್‌ಫಾರ್ಮರ್ ಅಂತ ನನಗೂ ಅನ್ನಿಸ್ತಿದೆ, ಆದ್ರೆ ಅನ್ನಿಸಿಕೆ ಮೇಲೆ ಬಿಚ್ಚೋದು ಬೇಡ. ಮನೇಲಿ ಕೂದಲು ಒಣಗಿಸೋ ಡ್ರೈಯರ್ ಇದ್ಯಾ? ದಪ್ಪ ಕಾಗದದ ಕೊಳವೆ ಮಾಡಿ ತುದೀಲಿ ರೂಪಾಯಿ ಅಗಲದ ಬಾಯಿ ಬಿಡಿ. ಸ್ಕೋಪು ತಣ್ಣಗಿರೋವಾಗ ಆನ್ ಮಾಡಿ, ಸ್ಕ್ರೀನ್ ವೋಲ್ಟೇಜ್ ನೋಡ್ತಾ ಒಂದೊಂದೇ ಜಾಗಕ್ಕೆ ಬಿಸಿಗಾಳಿ ಬಿಡಿ. ಮೊದಲು ಕೆಪಾಸಿಟರುಗಳು, ಆಮೇಲೆ ಡಿವೈಡರ್, ಕೊನೆಗೆ ಟ್ರಾನ್ಸ್‌ಫಾರ್ಮರ್. ಒಂದೊಂದರ ಮಧ್ಯೆ ಪೂರ್ತಿ ಆರೋಕೆ ಬಿಡಬೇಕು, ಇಲ್ದಿದ್ರೆ ಯಾವುದರಿಂದ ಏನಾಯ್ತು ಅಂತ ತಿಳಿಯಲ್ಲ. ಡ್ರೈಯರ್ ಒಂದು ಮೊಳ ದೂರ ಇರ್ಲಿ.

ತೀರ್ಥಹಳ್ಳಿ_ಟ್ರೇಸ್ · ಜುಲೈ 12, ರಾತ್ರಿ 8:40

ಇಡೀ ಶನಿವಾರ ಇದಕ್ಕೇ ಹೋಯ್ತು, ಆದ್ರೆ ಉತ್ತರ ಸಿಕ್ತು.

ಕೆಪಾಸಿಟರ್‌ಗಳ ಮೇಲೆ ಐದು ನಿಮಿಷ ಬಿಸಿ: ಸ್ಕ್ರೀನ್ ತನ್ನ ಮಾಮೂಲಿ ಲೆಕ್ಕದಲ್ಲೇ ಏರ್ತು, ಜಾಸ್ತಿ ಇಲ್ಲ. ಡಿವೈಡರ್: ಹೈ ವೋಲ್ಟೇಜ್ ಏಳೆಂಟು ವೋಲ್ಟ್ ಆಚೀಚೆ, ಅಷ್ಟೇ. ಟ್ರಾನ್ಸ್‌ಫಾರ್ಮರಿಗೆ ತಿರುಗಿಸಿದ್ದೇ ತಡ, 100, 120, 150, ಮೀಟರಿನ ಅಂಕಿ ಓಡ್ತು, ನಾಲ್ಕೇ ನಿಮಿಷದಲ್ಲಿ 210. ಡ್ರೈಯರ್ ಆಫ್ ಮಾಡಿ ಟೇಬಲ್ ಫ್ಯಾನ್ ಗಾಳಿ ಅದಕ್ಕೇ ಬಿಟ್ಟೆ, ಸ್ಕ್ರೀನ್ ವಾಪಸ್ ಇಳಿಯೋಕೆ ಶುರು. ಮತ್ತೆ ಮಾಡ್ದೆ, ಮತ್ತೆ ಅದೇ.

ಟ್ರಾನ್ಸ್‌ಫಾರ್ಮರ್ ಅನ್ನೋದ್ರಲ್ಲಿ ಇನ್ನು ಸಂಶಯ ಇಲ್ಲ. ಆದ್ರೆ ಮನಸ್ಸಿಗೆ ಬೇಜಾರೂ ಆಯ್ತು, ಬೇರೆ ಯಾವ ಪಾರ್ಟ್ ಆದ್ರೂ ಅಂಗಡೀಲಿ ಸಿಗುತ್ತೆ, ಇದು ಎಲ್ಲಿ ಸಿಗುತ್ತೆ?

ಧಾರವಾಡ_ಸೋಲ್ಡರ್ · ರಾತ್ರಿ 9:00

ಸುತ್ತಿಸಬಹುದ್ರಿ. ಆದ್ರ ಮೇನ್ಸ್ ಟ್ರಾನ್ಸ್‌ಫಾರ್ಮರ್ ಸುತ್ತವ್ರ ಕಡೆ ಕೊಡಬ್ಯಾಡ್ರಿ, ಇದು ಆ ತರದ್ದಲ್ಲ. ಜೇನುಹುಟ್ಟಿನಂಗ ಅಡ್ಡಡ್ಡ ಸುತ್ತಬೇಕಾಗ್ತದ, ಹಳೇ ರೇಡಿಯೋ ಕಾಯಿಲ್ ಸುತ್ತೂ ಮಷೀನ್ ಬೇಕ. ಹುಬ್ಬಳ್ಳ್ಯಾಗ ಒಬ್ಬ ಅಜ್ಜಾರು ಇದ್ರು, ರೇಡಿಯೋ ಒಳಗಿನ ಐಎಫ್‌ಟಿ ಕಾಯಿಲ್ ಎಲ್ಲಾ ಸುತ್ತತಿದ್ರು, ಮಷೀನ್ ಇನ್ನೂ ಅವರ ಮನ್ಯಾಗ ಇರಬೇಕು. ವಿಚಾರ್ಸಿ ಹೇಳ್ತೀನಿ.

ಕುಡ್ಲ_ಸರ್ಕ್ಯೂಟ್ · ರಾತ್ರಿ 9:12

ರೇಡಿಯೋ ಅಂದಾಗ ನೆನಪಾಯ್ತು, ನಮ್ಮಜ್ಜನ ವಾಲ್ವ್ ರೇಡಿಯೋದಲ್ಲಿ ಬಿಇಎಲ್ ಅಂತ ಬರೆದ ವಾಲ್ವುಗಳು ಇದ್ದವು. ಬೆಂಗಳೂರಲ್ಲೇ ಆಗ್ತಿದ್ದದ್ದಾ?

ರಾಯರ_ರೇಡಿಯೋ · ರಾತ್ರಿ 9:25

ಹೌದು, ಬಿಇಎಲ್ ಅಂದ್ರೆ ಭಾರತ್ ಎಲೆಕ್ಟ್ರಾನಿಕ್ಸ್, ಜಾಲಹಳ್ಳಿಲಿ. ದೇಶದ ಎಷ್ಟೋ ರೇಡಿಯೋಗಳು ಆ ವಾಲ್ವುಗಳ ಮೇಲೇ ಹಾಡಿದ್ದು. ನನ್ನ ಹತ್ರ ಇನ್ನೂ ಒಂದು ಟ್ರಂಕ್ ಇದೆ. 12ಎಯು7 ಅಂದ್ರೂ ಇಸಿಸಿ82 ಅಂದ್ರೂ ಒಂದೇ ಅಂತ ತಿಳೀದೆ ಹುಡುಗರು ಅಂಗಡಿ ಅಂಗಡಿ ಅಲೀತಿದ್ರು.

ಇಸಿಇ_ಹುಡುಗಿ · ರಾತ್ರಿ 9:33

ತೇವವೇ ಕಾರಣ ಆದ್ರೆ ಒಣಗಿಸೋಕೆ ಆಗಲ್ವಾ?

ಪೋರ್ಟ್‌ಲ್ಯಾಂಡ್_ಕನ್ನಡಿಗ · ರಾತ್ರಿ 11:50

ಆಗುತ್ತೆ, ಕೆಲವರು ಮಾಡಿದಾರೆ. ಹದವಾದ ಬಿಸೀಲಿ ದಿನಗಟ್ಟಲೆ ಇಡ್ಬೇಕು. ಒಂದೇ ಸಲ ಜೋರು ಬಿಸಿ ಕೊಟ್ರೆ ಎಪಾಕ್ಸಿ ಬಿರಿಯುತ್ತೆ. ಎಷ್ಟು ದಿನ ಬಾಳಿಕೆ ಬರುತ್ತೆ ಅನ್ನೋದು ಆಮೇಲೆ ಹೇಗಿಟ್ಕೊಳ್ತೀರಿ ಅನ್ನೋದ್ರ ಮೇಲೆ. ನಿಮ್ಮ ಕಡೆ ದಿನಗಟ್ಟಲೆ ಓವನ್ ಉರಿಸೋದು ಹೇಗೆ ಅನ್ನೋದೇ ಪ್ರಶ್ನೆ.

ತೀರ್ಥಹಳ್ಳಿ_ಟ್ರೇಸ್ · ಜುಲೈ 13, ಬೆಳಿಗ್ಗೆ 6:20

ಅಣ್ಣಾ, ನಮ್ಮನೇಲಿ ಅಡಿಕೆ ಡ್ರೈಯರ್ ಇದೆ! ಬೇಯಿಸಿದ ಅಡಿಕೆ ಮಳೇಲಿ ಒಣಗಲ್ಲ ಅಂತ ಹಾಕಿಸಿದ್ದು. ಥರ್ಮಾಮೀಟರ್ ಇದೆ, 60 ಡಿಗ್ರಿಗೆ ಆರಾಮಾಗಿ ನಿಲ್ಲುತ್ತೆ. ಈಗ ಅಡಿಕೆ ಸೀಸನ್ ಅಲ್ಲ, ಖಾಲಿ ಬಿದ್ದಿದೆ.

ರಾಯರ_ರೇಡಿಯೋ · ಬೆಳಿಗ್ಗೆ 6:45

ಇದಕ್ಕಿಂತ ಒಳ್ಳೇ ವ್ಯವಸ್ಥೆ ಬೆಂಗಳೂರಲ್ಲೂ ಸಿಗಲ್ಲ. ಬಿಚ್ಚೋ ಮುಂಚೆ ಪ್ರತಿ ತಂತಿಗೂ ಚೀಟಿ ಕಟ್ಟಿ ಫೋಟೋ ತೆಗೀರಿ. ಸೆರಾಮಿಕ್ ಪಟ್ಟಿಯ ಕಚ್ಚಿಗೆ ಮಾಮೂಲಿ 60/40 (ತವರ, ಸೀಸ) ಬೆಸುಗೆ ಹಾಕ್ಬೇಡಿ. ಆ ಕಚ್ಚಲ್ಲಿ ಬೆಳ್ಳಿಯ ಲೇಪ ಇದೆ, ಮಾಮೂಲಿ ಬೆಸುಗೆ ಅದನ್ನ ಕರಗಿಸ್ಕೊಂಡು ಎಬ್ಬಿಸಿಬಿಡುತ್ತೆ. ಮೂರು ಪರ್ಸೆಂಟ್ ಬೆಳ್ಳಿ ಇರೋ ಬೆಸುಗೆ ಬೇಕು. ಸ್ಕೋಪಿನ ಒಳಗೇ ಒಂದು ಪುಟ್ಟ ಸುರುಳಿ ಇಟ್ಟಿರ್ತಾರೆ, ನೋಡಿ. ಕಬ್ಬಿಣದಿಂದ ಮೀಟಬೇಡಿ, ಪಟ್ಟಿ ಬಿರಿಯುತ್ತೆ.

ತೀರ್ಥಹಳ್ಳಿ_ಟ್ರೇಸ್ · ಜುಲೈ 13, ರಾತ್ರಿ 9:30

ಸುರುಳಿ ಇದೆ ಸರ್! ಎರಡು ವರ್ಷ ಕಣ್ಣಿಗೇ ಬಿದ್ದಿರ್ಲಿಲ್ಲ. ಮುಕ್ಕಾಲು ಭಾಗ ಹಾಗೇ ಉಳಿದಿದೆ. ನನಗಿಂತ ಮುಂಚೆ ಯಾರೋ ಇದರಿಂದ್ಲೇ ನಾಲ್ಕೈದು ಬೆಸುಗೆ ಹಾಕಿದಾರೆ, ಒಳಗೆ ನೋಡಿದ್ರೆ ಯಾವುವು ಅಂತ್ಲೂ ಗೊತ್ತಾಗುತ್ತೆ, ತುಂಬಾ ನೀಟಾದ ಕೈ.

ಟ್ರಾನ್ಸ್‌ಫಾರ್ಮರ್ ಹೊರಗೆ ಬಂತು. ಡ್ರೈಯರಿಗೆ ಇಡೋ ಮುಂಚೆ ಪೇಟೆಯ ಚಿನ್ನದಂಗಡಿ ತಕ್ಕಡೀಲಿ ತೂಕ ಹಾಕಿಸಿದೆ, 212.4 ಗ್ರಾಂ. ಬಿಳೀ ಬಟ್ಟೇಲಿ ಸುತ್ತಿ ಜಾಲರಿ ಮೇಲೆ ಇಟ್ಟಿದೀನಿ. ಮೊದಲ ದಿನ 45 ಡಿಗ್ರಿ, ಆಮೇಲೆ 60.

ಎಸ್‌ಪಿ_ರೋಡ್_ಸುತ್ತಾಟ · ಜುಲೈ 15, ರಾತ್ರಿ 8:00

ಫಾಸ್ಟ್ ರಿಕವರಿ ಹೈ ವೋಲ್ಟೇಜ್ ಡಯೋಡ್ ಸಿಕ್ತು, ಐದು ತಗೊಂಡಿದೀನಿ. ಬೇಕಾದ್ರೆ ಕೊರಿಯರ್ ಮಾಡ್ತೀನಿ, ದುಡ್ಡು ಬೇಡ. ಈ ಥ್ರೆಡ್ ಓದಿ ಓದಿ ನನಗೂ ಒಂದು ಹಳೇ ಸ್ಕೋಪ್ ಬೇಕು ಅನ್ನಿಸ್ತಿದೆ.

ತೀರ್ಥಹಳ್ಳಿ_ಟ್ರೇಸ್ · ಜುಲೈ 22, ರಾತ್ರಿ 11:20

ಎಂಟು ದಿನ ಡ್ರೈಯರಲ್ಲಿತ್ತು. ಇವತ್ತು ತೆಗೆದು ಅದೇ ತಕ್ಕಡೀಲಿ ತೂಗಿಸಿದೆ, 211.7. ಮುಕ್ಕಾಲು ಗ್ರಾಮಿನಷ್ಟು ನೀರು ಹೋಗಿದೆ. ಅಂಗಡಿಯವರು ಏನು ಚಿನ್ನ ಸವೀತಾ ಅಂತ ಕೇಳಿದ್ರು, ಕೂತು ಪೂರ್ತಿ ವಿವರಿಸಿದೆ, ಆಸಕ್ತಿಯಿಂದ ಕೇಳಿದ್ರು.

ಬೆಳ್ಳಿ ಬೆಸುಗೇಲೇ ವಾಪಸ್ ಕೂರಿಸಿದೆ, ಚೀಟಿ ನೋಡ್ಕೊಂಡು ಎರಡೆರಡು ಸಲ ಪರೀಕ್ಷೆ ಮಾಡ್ದೆ. ಆನ್. ಸ್ಕ್ರೀನ್ 84ಕ್ಕೆ ಶುರು, ಮುಂಚೆ 95 ಇತ್ತು. ಹತ್ತು ನಿಮಿಷಕ್ಕೆ 97. ಅರ್ಧ ಗಂಟೆಗೆ 121. ಆಗ ಎದೆ ಸ್ವಲ್ಪ ಹೊಡ್ಕೊಂತು. ಒಂದು ಗಂಟೆಗೆ 133, ಒಂದೂವರೆಗೆ 136, ಎರಡಕ್ಕೆ 136, ಮೂರು ಗಂಟೆಗೂ 136. ನಿಂತಿದೆ. 1350 ಒಂದು ವೋಲ್ಟೂ ಅಲುಗಾಡಿಲ್ಲ, ಚೌಕ ಅಲೆ ಸರಿಯಾಗಿ 4 ಡಿವಿಷನ್, ಗೆರೆ ಮತ್ತೆ ದಾರದಷ್ಟು ಸಣ್ಣ.

ಧಾರವಾಡ_ಸೋಲ್ಡರ್ · ರಾತ್ರಿ 11:24

ಭಾಳ ಛಲೋ ಆತ್ರಿ!! ಅಡಿಕೆ ಡ್ರೈಯರಿಗೆ ಒಂದು ಕಾಯಿ ಒಡೀರಿ.

ಇಸಿಇ_ಹುಡುಗಿ · ರಾತ್ರಿ 11:26

ಸೂಪರ್ ಸರ್! ಆ ರೀಡಿಂಗ್ ಎಲ್ಲ ಗ್ರಾಫ್ ಮಾಡಿ ಹಾಕಿ ಪ್ಲೀಸ್, ಹಳೇದು ಹೊಸದು ಒಂದೇ ಹಾಳೇಲಿ.

ಕುಡ್ಲ_ಸರ್ಕ್ಯೂಟ್ · ಜುಲೈ 23, ಬೆಳಿಗ್ಗೆ 6:50

ಇನ್ನು ಮತ್ತೆ ತೇವ ಒಳಗೆ ಹೋಗದ ಹಾಗೆ ಜೇನುಮೇಣ ಕರಗಿಸಿ ಅದರಲ್ಲಿ ಅದ್ದಿದ್ರೆ ಹೇಗೆ?

ರಾಯರ_ರೇಡಿಯೋ · ಬೆಳಿಗ್ಗೆ 7:15

ಜೇನುಮೇಣ 62, 63 ಡಿಗ್ರಿಗೆ ಕರಗುತ್ತೆ. ಆ ಡಬ್ಬಿಯೊಳಗೆ ಬಿಸಿ ಅಲ್ಲಿವರೆಗೂ ಹೋಗ್ಬಹುದು, ಕರಗಿ ವಾಲ್ವುಗಳ ಮೇಲೆಲ್ಲ ಇಳಿಯುತ್ತೆ. ಈಗ ಏನೂ ಬಳಿಯೋದು ಬೇಡ.

ಮಲೆನಾಡಲ್ಲಿ ಕ್ಯಾಮರಾ ಲೆನ್ಸ್‌ಗಳನ್ನ ಬೂಷ್ಟು ಹಿಡೀದ ಹಾಗೆ ಹೇಗಿಡ್ತಾರೆ, ಹಾಗೇ ಇಡಿ. ಮುಚ್ಚಿದ ಬೀರು, ಒಳಗೆ 15 ವ್ಯಾಟಿನ ಹಳೇ ಕಾಲದ ಬಲ್ಬು, ಮಳೆಗಾಲ ಪೂರ್ತಿ ಉರೀತಿರ್ಲಿ. ವಾರಕ್ಕೊಮ್ಮೆ ಒಂದು ಗಂಟೆ ಸ್ಕೋಪು ಆನ್ ಮಾಡಿ ಸ್ಕ್ರೀನ್ ವೋಲ್ಟೇಜು ಒಂದು ನೋಟ್‌ಬುಕ್ಕಲ್ಲಿ ಬರೀರಿ. 133 ಇದ್ದಿದ್ದು 150, 160 ಅಂತ ಏರ್ತಾ ಹೋದ್ರೆ ಟ್ರೇಸ್ ಕೆಡೋ ತಿಂಗಳುಗಳ ಮುಂಚೆನೇ ಗೊತ್ತಾಗುತ್ತೆ. ಆವಾಗ ಧಾರವಾಡದೋರು ಹೇಳಿದ ಅಜ್ಜನ ಮಷೀನು ನೋಡೋಣ.

ಧಾರವಾಡ_ಸೋಲ್ಡರ್ · ಬೆಳಿಗ್ಗೆ 7:40

ಮಷೀನ್ ಅದ, ನಿನ್ನೆನ ಹೋಗಿ ನೋಡಿಬಂದೆ. ಅಜ್ಜಾರು ತೀರಿಕೊಂಡಾರ, ಮಗಾ ಅದನ್ನ ಎಣ್ಣಿ ಹಚ್ಚಿ ಹಂಗ ಇಟ್ಟಾನ. ಗೇರುಗಳು ಎಲ್ಲಾ ತಿರಗ್ತಾವ. ಕೆಟ್ಟ ಟ್ರಾನ್ಸ್‌ಫಾರ್ಮರ್ ಯಾರ ಹತ್ರರ ಇದ್ರ ಕಳಸ್ರಿ, ಬಿಚ್ಚಿ ಸುತ್ತು ಎಣಿಸಿ ಇಡೋಣ. ಬೇಕಾದಾಗ ತಯಾರಿರ್ತದ.

ಪೋರ್ಟ್‌ಲ್ಯಾಂಡ್_ಕನ್ನಡಿಗ · ಬೆಳಿಗ್ಗೆ 10:30

ನನ್ನ ಹತ್ರ ಒಂದು ಇದೆ, ಪೂರ್ತಿ ಸತ್ತಿರೋದು. ಡಿಸೆಂಬರಲ್ಲಿ ಊರಿಗೆ ಬರ್ತೀನಿ, ತಂದು ಕೊಡ್ತೀನಿ. ವಿಳಾಸ ಮೆಸೇಜ್ ಮಾಡಿ.

ತೀರ್ಥಹಳ್ಳಿ_ಟ್ರೇಸ್ · ರಾತ್ರಿ 8:05

ಬೀರುವಿಗೆ ಬಲ್ಬು ಹಾಕಿ ಆಯ್ತು. ಪುಸ್ತಕದ ಮೊದಲ ಸಾಲು: ಜುಲೈ 23, ಹೊರಗೆ ಜೋರು ಮಳೆ, ಒಂದು ಗಂಟೆಗೆ ಸ್ಕ್ರೀನ್ 134, ಹೈ ವೋಲ್ಟೇಜ್ 1350. ಮುಂದಿನ ಬುಧವಾರ ಎರಡನೇ ಸಾಲು ಇಲ್ಲೂ ಹಾಕ್ತೀನಿ.